3.4 ಅಂತ ಬರೆದಿದ್ದೆ, ಇದ್ದದ್ದು 4.5

ನಮ್ಮ ಎಕೋ ರೂಮಿನ, ಅಂದರೆ ಶಬ್ದದ ಅಲೆಯಿಂದ ಹೃದಯದ ಸ್ಕ್ಯಾನಿಂಗ್ ಮಾಡುವ ಕೋಣೆಯ, ಡ್ರಾಯರಿನಲ್ಲಿ ಎದೆ ಮೇಲೆ ಇಟ್ಟು ನೋಡುವ, ಪೆನ್ಸಿಲ್ ಥರದ ಒಂದು ಸಣ್ಣ ಪ್ರೋಬ್ ಇದೆ. ಅದರಲ್ಲಿ ಹೃದಯದ ಚಿತ್ರ ಬರುವುದಿಲ್ಲ. ಬರೀ ಶಬ್ದ, ಮತ್ತೆ ಪರದೆ ಮೇಲೆ ಸಾಲಾಗಿ ಗುಡ್ಡದಂಥ ಆಕಾರಗಳು. ಹೊಸದಾಗಿ ಕೆಲಸಕ್ಕೆ ಸೇರಿದವರು ಅದನ್ನು ಮುಟ್ಟುವುದೇ ಕಡಿಮೆ. ನಾನೂ ಮುಟ್ಟುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಇನ್ನೂ ಇಪ್ಪತ್ತು ಜನ ಕೂತಿರುವಾಗ ಚಿತ್ರವೂ ಕಾಣದೆ ಸೊಂಯ್ ಸೊಂಯ್ ಕೇಳಿಕೊಂಡು ಕೂರುವುದಕ್ಕೆ ಯಾರಿಗೆ ಪುರುಸೊತ್ತು?

ಅದು ಯಾಕೆ ಬೇಕು ಅಂತ ನನಗೆ ಗೊತ್ತಾಗಿದ್ದು ಒಬ್ಬ ಅಡಿಕೆ ತೋಟದ ಅಜ್ಜನಿಂದ. ಏಳೆಂಟು ವರ್ಷದ ಹಿಂದಿನ ಮಾತು. ಎಪ್ಪತ್ತು ದಾಟಿದ ಸಪೂರ ಮನುಷ್ಯ, ಹೆಗಲ ಮೇಲೆ ಟವೆಲ್, ಕೈಯಲ್ಲಿ ಜವಳಿ ಅಂಗಡಿಯ ಚೀಲದಲ್ಲಿ ಹಳೇ ರಿಪೋರ್ಟುಗಳು. ತೋಟದಿಂದ ಮನೆಗೆ ಏರು ಹತ್ತುವಾಗ ಎದೆ ಬಿಗಿಯುತ್ತದೆ, ಒಂದು ಸಲ ದರೆ ಹತ್ತುವಾಗ ಕಣ್ಣು ಕತ್ತಲೆ ಬಂದು ಬಿದ್ದೇ ಬಿಟ್ಟಿದ್ದರು. ಎಡಮಗ್ಗುಲಿಗೆ ಮಲಗಿಸಿ ಜೆಲ್ ಹಾಕಿದೆ. "ಎಂತ ಮಾರಾಯ್ತಿ, ಐಸ್ ಇಟ್ಟಂಗಾತು" ಅಂದರು. ಅವತ್ತಿನಿಂದ ಜೆಲ್ ಬಾಟಲಿಯನ್ನು ಬಿಸಿನೀರಿನ ಮಗ್ಗಿನಲ್ಲಿ ಇಡುತ್ತೇನೆ, ಅದು ಬೇರೆ ವಿಷಯ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ, ಯಾಕೆಂದರೆ ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ಇದು. "ಇಸಿಜಿ ನಾರ್ಮಲ್ ಇದೆಯಲ್ಲ, ಎಕೋ ಯಾಕೆ?" ಇಸಿಜಿ ನೋಡುವುದು ಹೃದಯದ ಕರೆಂಟನ್ನು. ಮನೆಯಲ್ಲಿ ವೈರಿಂಗ್ ಸರಿ ಇದ್ದರೆ ಬಾಗಿಲು ಸರಿಯಾಗಿ ಹಾಕಿಕೊಳ್ಳುತ್ತದೆ ಅಂತ ಅರ್ಥವಲ್ಲ, ಅಲ್ವಾ? ವಾಲ್ವು ಅಂದರೆ ಬಾಗಿಲು. ಹೃದಯಕ್ಕೆ ಅಂಥವು ನಾಲ್ಕು. ಬಾಗಿಲಿಗೆ ಬರುವ ಕಾಯಿಲೆ ಎರಡೇ ಥರ, ಪೂರ್ತಿ ತೆರೆಯದೇ ಇರುವುದು ಮತ್ತು ಪೂರ್ತಿ ಮುಚ್ಚದೇ ಇರುವುದು. ಕೆಲವರಿಗೆ ಒಂದೇ ಬಾಗಿಲಿಗೆ ಎರಡೂ ಇರುತ್ತದೆ. ಇದನ್ನು ಕಣ್ಣಾರೆ ನೋಡಬೇಕಂದರೆ ಎಕೋನೇ ಮಾಡಬೇಕು. ಎಕ್ಸ್‌ರೇ ಅಲ್ಲ ಇದು, ರೇಡಿಯೇಷನ್ ಇಲ್ಲ. ಗರ್ಭಿಣಿಯರಿಗೆ ಮಗು ನೋಡುವ ಸ್ಕ್ಯಾನಿಂಗ್‌ನಲ್ಲಿ ಬಳಸುವ ಶಬ್ದದ ಅಲೆಯೇ ಇದು. ನಮ್ಮ ಕಿವಿಗೆ ಕೇಳದಷ್ಟು ಏರು ಸ್ವರದ ಶಬ್ದ ಎದೆಯೊಳಗೆ ಹೋಗಿ, ಬಡಿದು, ವಾಪಸ್ ಬರುತ್ತದೆ. ಮೈಯೊಳಗೆ ಶಬ್ದ ಸೆಕೆಂಡಿಗೆ ಸುಮಾರು 1,540 ಮೀಟರ್ ಓಡುತ್ತದೆ. ವಾಪಸ್ ಬರಲು ಎಷ್ಟು ಹೊತ್ತಾಯಿತು ಅನ್ನುವುದರಿಂದ ಮೆಷೀನು ದೂರ ಲೆಕ್ಕ ಹಾಕಿ ಚಿತ್ರ ಬಿಡಿಸುತ್ತದೆ.

ಅಜ್ಜನ ಚಿತ್ರದಲ್ಲಿ ಅಯೋರ್ಟಿಕ್ ವಾಲ್ವು ಬೆಳ್ಳಗೆ ಗಡ್ಡೆ ಥರ ಕಾಣುತ್ತಿತ್ತು. ಹೃದಯದಿಂದ ರಕ್ತ ಹೊರಗೆ ಹೋಗುವ ಮುಖ್ಯ ಬಾಗಿಲು ಅದು. ಮೂರು ಎಸಳು ಇರಬೇಕು, ಪ್ರತಿ ಬಡಿತಕ್ಕೂ ಗೋಡೆಗೆ ಅಂಟುವಷ್ಟು ತೆಳ್ಳಗೆ ತೆರೆದುಕೊಳ್ಳಬೇಕು. ಇವರದು ಉಪ್ಪುನೀರು ಕಾಯಿಸಿ ಕಾಯಿಸಿ ಸುಣ್ಣ ಕಟ್ಟಿದ ಹಂಡೆಯ ನಲ್ಲಿ ಥರ ಆಗಿತ್ತು. ಸುಮ್ನೆ ಹೋಲಿಕೆಗೆ ಹೇಳುತ್ತಿಲ್ಲ, ಅಲ್ಲಿ ಕಟ್ಟುವುದೂ ಕ್ಯಾಲ್ಸಿಯಮ್ಮೇ. ಎಸಳುಗಳು ಅಲ್ಲಾಡುತ್ತವೋ ಇಲ್ಲವೋ ಅನ್ನುವ ಹಾಗೆ ಇದ್ದವು.

ಬಾಗಿಲು ಎಷ್ಟು ಕಿರಿದಾಗಿದೆ ಅಂತ ಅಳೆಯುವುದು ಹೇಗೆ? ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಯನ್ನು ಹೆಬ್ಬೆರಳಿಂದ ಒತ್ತಿ ಹಿಡಿದರೆ ನೀರು ಚಿಮ್ಮುತ್ತದಲ್ಲ, ಅದೇ ಲೆಕ್ಕ. ಎಷ್ಟು ಒತ್ತುತ್ತೀರೋ ಅಷ್ಟು ಜೋರು. ರಕ್ತದ ವೇಗ ಅಳೆದರೆ ಬಾಗಿಲ ಎರಡೂ ಕಡೆ ಒತ್ತಡದಲ್ಲಿ ಎಷ್ಟು ವ್ಯತ್ಯಾಸ ಇದೆ ಅಂತ ಹೇಳಬಹುದು. ಸೂತ್ರ ಹೈಸ್ಕೂಲ್ ಹುಡುಗರಿಗೂ ಬರುತ್ತದೆ. ವೇಗವನ್ನು ಅದರಿಂದಲೇ ಗುಣಿಸು, ಆಮೇಲೆ 4ರಿಂದ ಗುಣಿಸು. ಸೆಕೆಂಡಿಗೆ 4 ಮೀಟರ್ ಇದ್ದರೆ, ಬಿಪಿ ಅಳೆಯುವ ಅದೇ ಅಳತೆಯಲ್ಲಿ 64. 1970ರ ದಶಕದಲ್ಲಿ ನಾರ್ವೆಯ ಯಾರ್ಲೆ ಹೋಲೆನ್, ಲಿವ್ ಹಾಟ್ಲೆ ಮುಂತಾದವರು ಈ ಲೆಕ್ಕವನ್ನು ರೋಗಿಗಳ ಮೇಲೆ ಬಳಸಿ ತೋರಿಸಿದರು. ಅಲ್ಲಿಯವರೆಗೆ ಒತ್ತಡ ಅಳೆಯಬೇಕಂದರೆ ರಕ್ತನಾಳದ ಮೂಲಕ ಹೃದಯದೊಳಗೆ ನಳಿಗೆ ತೂರಿಸಬೇಕಿತ್ತು. ಈಗ ಎದೆ ಮೇಲೆ ಜೆಲ್ ಹಚ್ಚಿದರೆ ಸಾಕು. ನನಗೆ ಇದು ಇವತ್ತಿಗೂ ಜಾದೂ ಥರ ಅನಿಸುತ್ತದೆ.

ಅವತ್ತು ಹೃದಯದ ತುದಿಯಿಂದ, ಅಂದರೆ ಎಡಗಡೆ ಮೊಲೆಯ ಕೆಳಗಿಂದ, ಪ್ರೋಬ್ ಇಟ್ಟು ಅಳೆದೆ. 3.4 ಮೀಟರ್ ಬಂತು. ಲೆಕ್ಕ ಹಾಕಿದರೆ 46. ನಮ್ಮ ಪುಸ್ತಕದ ಪ್ರಕಾರ 3ರಿಂದ 4ರ ಒಳಗಿದ್ದರೆ ಮಾಡರೇಟ್, 4 ದಾಟಿದರೆ ಸಿವಿಯರ್. ಮಾಡರೇಟ್ ಅಂತ ಬರೆದೆ. ಮಾಡರೇಟ್ ಅಂದರೆ ಮಾತ್ರೆ ಕೊಟ್ಟು, ಒಂದು ವರ್ಷ ಬಿಟ್ಟು ಬನ್ನಿ ಅನ್ನುವುದು. ಸಿವಿಯರ್ ಜೊತೆಗೆ ಇವರ ಥರ ತಲೆಸುತ್ತು, ಎದೆಬಿಗಿತ ಇದ್ದರೆ ವಾಲ್ವು ಬದಲಾಯಿಸುವ ಮಾತು. ಈ ಎರಡರ ನಡುವೆ ಇರುವುದು ನನ್ನ ಕೈಯಲ್ಲಿ ಬಂದ ಒಂದು ಅಂಕಿ.

ಸಂಜೆ ಹಿರಿಯ ಡಾಕ್ಟರು ಸಹಿ ಹಾಕಲು ಕೂತರು. ವಿಡಿಯೋ ಓಡಿಸಿ ನೋಡಿದರು, ನಂಬರ್ ನೋಡಿದರು, ಮತ್ತೆ ವಿಡಿಯೋ ನೋಡಿದರು. "ಈ ವಾಲ್ವಿಗೆ ಈ ನಂಬರ್ ಹೊಂದಲ್ಲವಲ್ಲಮ್ಮ. ಪೇಷಂಟ್ ಇದ್ದಾರಾ?" ಬಸ್ಸು ಸಂಜೆ ಆರಕ್ಕೆ ಅಂತ ಅಜ್ಜ ಕ್ಯಾಂಟೀನಿನಲ್ಲಿ ಕೂತಿದ್ದರು, ಪುಣ್ಯ. ಕರೆಸಿ ಈ ಸಲ ಬಲಮಗ್ಗುಲಿಗೆ ಮಲಗಿಸಿದರು. ಡ್ರಾಯರಿನಿಂದ ಆ ಪೆನ್ಸಿಲ್ ಪ್ರೋಬ್ ತೆಗೆದು ಎದೆಗೂಡಿನ ಬಲಗಡೆ, ಮೇಲಿನ ಪಕ್ಕೆಲುಬುಗಳ ಸಂದಿಯಲ್ಲಿ ಇಟ್ಟರು. ಕಣ್ಣು ಮುಚ್ಚಿಕೊಂಡೇ ಹುಡುಕಿದರು, ನಿಜವಾಗಲೂ. ಮೊದಲು ದಪ್ಪ ಒರಟು ಶಬ್ದ ಬರುತ್ತಿತ್ತು. ಎರಡು ಮಿಲಿಮೀಟರ್ ಆಚೆ ಈಚೆ ಮಾಡಿದಾಗ ಅದು ಸಣ್ಣಗಾಗಿ, ಸೀಟಿ ಹೊಡೆದ ಹಾಗೆ ತೀಕ್ಷ್ಣವಾಯಿತು. ಆಗ ಕಣ್ಣು ತೆರೆದು ಪರದೆ ನಿಲ್ಲಿಸಿದರು. 4.5. ಲೆಕ್ಕ ಹಾಕಿದರೆ 81.

ಮೆಷೀನು ಕೆಟ್ಟಿರಲಿಲ್ಲ. ಕೆಟ್ಟಿದ್ದು ಕೋನ. ರಕ್ತದ ವೇಗ ಅಳೆಯುವುದು ಡಾಪ್ಲರ್ ಅನ್ನುವ ವಿಧಾನದಲ್ಲಿ. ಡಾಪ್ಲರ್ ಅಂದರೆ, ರೈಲು ನಮ್ಮ ಎದುರಿಗೆ ಬರುವಾಗ ಹಾರ್ನ್ ಒಂದು ಸ್ವರ, ದಾಟಿ ಹೋದಮೇಲೆ ಇನ್ನೊಂದು ಸ್ವರ ಕೇಳುತ್ತದಲ್ಲ, ಅದೇ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ನಕ್ಷತ್ರಗಳ ಬಗ್ಗೆ ಹೇಳಿದ್ದು. ಆದರೆ ರೈಲು ನೇರ ಎದುರಿಗೆ ಬಂದರೆ ಮಾತ್ರ ಪೂರ್ತಿ ವ್ಯತ್ಯಾಸ ತಿಳಿಯುತ್ತದೆ. ಓರೆಯಾಗಿ ನೋಡಿದರೆ ವೇಗ ಕಡಿಮೆ ಕಾಣುತ್ತದೆ. 20 ಡಿಗ್ರಿ ಓರೆ ಆದರೆ ಅಷ್ಟೇನೂ ತೊಂದರೆ ಇಲ್ಲ, ನೂರರಲ್ಲಿ ಆರು ಪಾಲು ಹೋಗುತ್ತದೆ. 40 ಡಿಗ್ರಿ ಆದರೆ ಕಾಲು ಭಾಗ ಹೋಗುತ್ತದೆ, ಮತ್ತೆ ಅದನ್ನು ಅದರಿಂದಲೇ ಗುಣಿಸುತ್ತೇವಲ್ಲ, ಅಲ್ಲಿ ತಪ್ಪು ಇನ್ನೂ ಬೆಳೆಯುತ್ತದೆ. ವಯಸ್ಸಾದವರಲ್ಲಿ ಹೃದಯದಿಂದ ಹೊರಡುವ ರಕ್ತನಾಳ ಸೊಟ್ಟಗಾಗಿ, ಚಿಮ್ಮುವ ಧಾರೆ ಬಲಕ್ಕೆ ವಾಲಿರುತ್ತದೆ. ಎಡಗಡೆಯಿಂದ ನೋಡಿದರೆ ಅದು ಓರೆ, ಬಲಗಡೆಯಿಂದ ನೋಡಿದರೆ ನೇರ. ನೆನಪಿಡಬೇಕಾದ ವಿಷಯ ಏನಂದರೆ, ಕೋನದ ತಪ್ಪಿನಿಂದ ಅಂಕಿ ಯಾವಾಗಲೂ ಕಡಿಮೆಯೇ ಬರುತ್ತದೆ, ಜಾಸ್ತಿ ಬರುವುದಿಲ್ಲ. ಹಾಗಾಗಿ ನಾಲ್ಕು ಕಡೆಯಿಂದ ಹುಡುಕಿ ಸಿಕ್ಕಿದ್ದರಲ್ಲಿ ದೊಡ್ಡದನ್ನು ಬರೆಯಬೇಕು. ನಾನು ಒಂದೇ ಕಡೆ ನೋಡಿ ಕೈ ತೊಳೆದುಕೊಂಡಿದ್ದೆ.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ವಾಸಿ ಇತ್ತು. "ಚಿತ್ರ ಒಂದು ಹೇಳುತ್ತಿದೆ, ನಂಬರ್ ಇನ್ನೊಂದು ಹೇಳುತ್ತಿದೆ ಅಂದರೆ ಇನ್ನೂ ಕೆಲಸ ಮುಗಿದಿಲ್ಲ ಅಂತ" ಅಂದು ಸಹಿ ಹಾಕಿ ಹೋದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಒಂದು ದಿನ ಎಕೋ ಹುಟ್ಟಿದ ಕಥೆ ಓದುವಾಗ ಸ್ವಲ್ಪ ಸಮಾಧಾನ ಆಯಿತು. ಸ್ವೀಡನ್ನಿನ ಲುಂಡ್ ಊರಿನಲ್ಲಿ ಇಂಗೆ ಎಡ್ಲರ್ ಅನ್ನುವ ಡಾಕ್ಟರಿದ್ದರು. ಮೈಟ್ರಲ್ ವಾಲ್ವಿನ, ಅಂದರೆ ಹೃದಯದ ಎಡಗಡೆ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವಿನ ಬಾಗಿಲಿನ, ಆಪರೇಷನ್ ಆಗಷ್ಟೇ ಶುರುವಾಗಿತ್ತು, ಯಾರಿಗೆ ಮಾಡಬೇಕು ಯಾರಿಗೆ ಬೇಡ ಅಂತ ಮೊದಲೇ ತಿಳಿಯುವ ದಾರಿ ಹುಡುಕುತ್ತಿದ್ದರು. ಹೆಲ್ಮುತ್ ಹರ್ಟ್ಸ್ ಅನ್ನುವ ಭೌತಶಾಸ್ತ್ರದವರು ಜೊತೆಯಾದರು. ಮಾಲ್ಮೋದ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಲೋಹದೊಳಗಿನ ಬಿರುಕು ಹುಡುಕುವ ಶಬ್ದದ ಯಂತ್ರ ಇತ್ತು. ಹರ್ಟ್ಸ್ ಮೊದಲು ಅದನ್ನು ಪ್ರಯೋಗ ಮಾಡಿ ನೋಡಿದರು, ಆಮೇಲೆ ಸೀಮೆನ್ಸ್ ಕಂಪನಿಯಿಂದ ಅಂಥದ್ದೇ ಒಂದು ಸಿಕ್ಕಿತು. 1953ರ ಅಕ್ಟೋಬರ್ 29ರಂದು ಹೃದಯ ಅಲ್ಲಾಡುವುದನ್ನು ಅದರಲ್ಲಿ ದಾಖಲಿಸಿದರು. ಮೈಟ್ರಲ್ ವಾಲ್ವು ಕಿರಿದಾದವರಲ್ಲಿ ಒಂದು ಗೆರೆ ನಿಧಾನವಾಗಿ ಇಳಿಯುವುದು ಕಂಡಿತು. ಅದು ಹೃದಯದ ಎಡ ಮೇಲಿನ ಕೋಣೆಯ ಗೋಡೆ ಅಂದುಕೊಂಡರು. ಅಲ್ಲ! ಅದು ಮೈಟ್ರಲ್ ವಾಲ್ವಿನ ಮುಂದಿನ ಎಸಳೇ ಆಗಿತ್ತು. ಆಮೇಲೆ ಮರಣೋತ್ತರ ಪರೀಕ್ಷೆಗಳಲ್ಲಿ ಅಲೆ ಹೋದ ದಾರಿ ಹಿಡಿದು ನೋಡಿ ಎಡ್ಲರ್ ತಾವೇ ತಿದ್ದಿಕೊಂಡರು. 1977ರಲ್ಲಿ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಏನು ನೋಡುತ್ತಿದ್ದೇವೆ ಅಂತ ತಪ್ಪು ತಿಳಿದುಕೊಂಡೇ ಶುರುವಾದ ವಿದ್ಯೆ ಇದು ಅಂದಾಗ ನನ್ನ 3.4 ಸ್ವಲ್ಪ ಹಗುರ ಆಯಿತು. ಸ್ವಲ್ಪವೇ.

ಮೈಟ್ರಲ್ ವಾಲ್ವಿನ ಕಥೆ ನಮ್ಮ ಕಡೆ ಬೇರೆಯೇ. ಅಯೋರ್ಟಿಕ್ ಕಿರಿದಾಗುವುದು ಹೆಚ್ಚಾಗಿ ವಯಸ್ಸಾದವರಿಗೆ. ಮೈಟ್ರಲ್ ಕಿರಿದಾಗುವುದು ಚಿಕ್ಕ ವಯಸ್ಸಿನವರಿಗೆ, ಅದರಲ್ಲೂ ಹೆಂಗಸರಿಗೆ ಜಾಸ್ತಿ. ಮೂಲ ಎಲ್ಲಿ ಅಂದರೆ ಸ್ಕೂಲಿಗೆ ಹೋಗುವಾಗ ಬಂದ ಗಂಟಲು ನೋವಿನಲ್ಲಿ. ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಅದನ್ನು ಹೊಡೆಯಲು ಹೋದ ಮೈಯ ಕಾವಲು ಪಡೆ ಗುರುತು ತಪ್ಪಿ ತನ್ನದೇ ವಾಲ್ವಿಗೂ ಹೊಡೆಯುತ್ತದೆ. ಕೀಲು ನೋವು, ಜ್ವರ ಬಂದು ಹೋಗುತ್ತದೆ, ಎಲ್ಲರೂ ಮರೆಯುತ್ತಾರೆ. ವಾಲ್ವು ಮರೆಯುವುದಿಲ್ಲ. ಹತ್ತು ಹದಿನೈದು ವರ್ಷ ನಿಧಾನಕ್ಕೆ ದಪ್ಪವಾಗುತ್ತಾ, ಎಸಳುಗಳ ಅಂಚು ಅಂಟಿಕೊಳ್ಳುತ್ತಾ ಬರುತ್ತದೆ. ಇಂಥವರಿಗೆ 21 ದಿನಕ್ಕೊಮ್ಮೆ ಪೆನ್ಸಿಲಿನ್ ಇಂಜೆಕ್ಷನ್ ಕೊಡುವುದು ಕಾಯಿಲೆ ಮತ್ತೆ ಮರುಕಳಿಸಬಾರದು ಅಂತ. ಸೂಜಿ ನೋವಿಗೆ, ದೂರದ ಬಸ್ಸಿಗೆ ಹೆದರಿ ಎಷ್ಟೋ ಜನ ನಡುವೆ ಬಿಟ್ಟುಬಿಡುತ್ತಾರೆ.

ಅಂಥ ಒಬ್ಬಳು ಬಂದಿದ್ದಳು, ಇಪ್ಪತ್ನಾಲ್ಕು ವರ್ಷದ ಹುಡುಗಿ, ಐದು ತಿಂಗಳ ಬಸುರಿ. ಒಂದು ಕಡೆ ಅಸ್ತಮಾ ಅಂತ ಇನ್‌ಹೇಲರ್ ಕೊಟ್ಟು ಕಳಿಸಿದ್ದರು. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿ ಕೂತು ನಿದ್ದೆ ಮಾಡುತ್ತಾಳೆ. ಪ್ರೋಬ್ ಇಟ್ಟ ಎರಡನೇ ಸೆಕೆಂಡಿಗೆ ಗೊತ್ತಾಯಿತು. ಮೈಟ್ರಲ್ ವಾಲ್ವಿನ ಮುಂದಿನ ಎಸಳು ತೆರೆಯುವಾಗ ಮೊಣಕಾಲು ಮಡಚಿದ ಹಾಗೆ ಬಾಗುತ್ತದೆ. ಪುಸ್ತಕದಲ್ಲಿ ಹಾಕಿ ಸ್ಟಿಕ್ ಅನ್ನುತ್ತಾರೆ, ಕೊಡಗಿನವರಿಗೆ ವಿವರಿಸುವುದೇ ಬೇಡ. ಅಡ್ಡಕ್ಕೆ ನೋಡಿದರೆ ಮೀನಿನ ಬಾಯಿ. ಸಾಧಾರಣವಾಗಿ ಈ ಬಾಗಿಲು 4ರಿಂದ 6 ಚದರ ಸೆಂಟಿಮೀಟರ್ ಇರಬೇಕು. ಅವಳದು 0.9.

ಮದುವೆಗೆ ಮುಂಚೆ ಗದ್ದೆ ಕೆಲಸ ಎಲ್ಲ ಮಾಡಿದ್ದಾಳಂತೆ, ಆಗ ಏನೂ ಆಗಿರಲಿಲ್ಲವಂತೆ. ಅದು ಸುಳ್ಳಲ್ಲ. ಬಸುರಿಯಲ್ಲಿ ಮೈಯ ರಕ್ತ 40ರಿಂದ 50 ಪರ್ಸೆಂಟ್ ಹೆಚ್ಚುತ್ತದೆ, ಬಡಿತವೂ ಜೋರಾಗುತ್ತದೆ, ಬಾಗಿಲು ತೆರೆದಿರುವ ಹೊತ್ತು ಕಡಿಮೆಯಾಗುತ್ತದೆ. ಜಾತ್ರೆ ದಿನದ ಬಸ್ಸಿನ ಥರ. ಬಾಗಿಲು ಅಷ್ಟೇ ಅಗಲ, ಹತ್ತುವವರು ಜಾಸ್ತಿ, ಬಸ್ಸು ನಿಲ್ಲುವ ಹೊತ್ತು ಕಡಿಮೆ. ಮೇಲಿನ ಕೋಣೆಯಲ್ಲಿ ನಿಂತ ರಕ್ತದ ಒತ್ತಡ ಶ್ವಾಸಕೋಶಕ್ಕೆ ಹೋಗುತ್ತದೆ, ದಮ್ಮು ಬರುತ್ತದೆ. ಅದಕ್ಕೇ ಇಂಥವರ ರಿಪೋರ್ಟಿನಲ್ಲಿ ಬರೀ ಗ್ರೇಡಿಯಂಟ್, ಅಂದರೆ ಬಾಗಿಲ ಎರಡು ಕಡೆಯ ಒತ್ತಡದ ವ್ಯತ್ಯಾಸ, ಬರೆದರೆ ಸಾಲದು, ಪಕ್ಕದಲ್ಲಿ ಹೃದಯ ಬಡಿತ ಎಷ್ಟಿತ್ತು ಅಂತ ಬರೆಯಲೇಬೇಕು. ಅದೇ ವಾಲ್ವು ಬಡಿತ 60 ಇದ್ದಾಗ ಸಾಧು ಥರ ಕಾಣುತ್ತದೆ, 110 ಇದ್ದಾಗ ಹುಲಿ ಥರ.

ಮೀನಿನ ಬಾಯಿಯನ್ನು ಪರದೆ ಮೇಲೆ ಗೆರೆ ಎಳೆದು ಅಳೆಯುವುದರಲ್ಲೂ ಮೋಸ ಇದೆ. ಈ ವಾಲ್ವು ಎಣ್ಣೆ ಸುರಿಯುವ ಲಾಳಿಕೆ ಥರ, ಮೇಲೆ ಅಗಲ, ತುದಿ ಸಣ್ಣ. ತುದಿಯಲ್ಲೇ ಅಡ್ಡ ಕೊಯ್ದು ನೋಡಬೇಕು. ಅರ್ಧ ಸೆಂಟಿಮೀಟರ್ ಮೇಲೆ ನೋಡಿದರೆ 0.9 ಇದ್ದದ್ದು 1.5 ಅಂತ ಕಂಡೀತು. ಅದಕ್ಕೆ ಇನ್ನೊಂದು ದಾರಿಯಲ್ಲೂ ತಾಳೆ ನೋಡುತ್ತೇವೆ. ಒತ್ತಡ ಅರ್ಧಕ್ಕೆ ಇಳಿಯಲು ಎಷ್ಟು ಮಿಲಿಸೆಕೆಂಡ್ ಬೇಕಾಯಿತು ಅಂತ ಅಳೆದು, 220ನ್ನು ಅದರಿಂದ ಭಾಗಿಸುವುದು. ಅದೂ ಹಾಟ್ಲೆಯವರ ಕಡೆಯಿಂದ ಬಂದ ಲೆಕ್ಕವೇ.

ಆಮೇಲೆ ವಾಲ್ವಿಗೆ ಅಂಕ ಕೊಡುತ್ತೇವೆ, ಎಸ್ಸೆಸ್ಸೆಲ್ಸಿ ಥರ. ಎಸಳು ಎಷ್ಟು ಆಡುತ್ತದೆ, ಎಷ್ಟು ದಪ್ಪ, ಸುಣ್ಣ ಎಷ್ಟು, ಕೆಳಗಿನ ದಾರಗಳು ಹೇಗಿವೆ. ಒಂದೊಂದಕ್ಕೆ 1ರಿಂದ 4. ಇಲ್ಲಿ ಕಡಿಮೆ ಬಂದವರೇ ಪಾಸ್. ಒಟ್ಟು 8 ಅಥವಾ ಅದರೊಳಗಿದ್ದರೆ ಬಲೂನಿಗೆ ಒಳ್ಳೆಯದು ಅಂತ ಲೆಕ್ಕ. ಬಲೂನ್ ಅಂದರೆ ತೊಡೆಯ ನಾಳದಿಂದ ಹೋಗಿ, ವಾಲ್ವಿನ ನಡುವೆ ಬಲೂನ್ ಊದಿ, ಅಂಟಿದ ಅಂಚುಗಳನ್ನು ಬಿಡಿಸುವುದು. ಎದೆ ಕೊಯ್ಯಬೇಕಾಗಿಲ್ಲ. 1980ರ ದಶಕದಲ್ಲಿ ಜಪಾನಿನ ಕಾಂಜಿ ಇನೌಯೆ ಶುರು ಮಾಡಿದ್ದು. ನಮ್ಮಲ್ಲಿ ಬೆಂಗಳೂರಿನ ಜಯದೇವ ಈ ಕೆಲಸಕ್ಕೆ ದೊಡ್ಡ ಹೆಸರು. ಅಲ್ಲಿ ನಿರ್ದೇಶಕರಾಗಿದ್ದ ಡಾ. ಸಿ.ಎನ್. ಮಂಜುನಾಥ್ ಅವರದು ಬಲೂನಿನಲ್ಲಿ ಪಳಗಿದ ಕೈ. ಹುಡುಗಿಗೆ 7 ಅಂಕ ಬಂತು. ಬಲೂನಿಗೆ ಮುಂಚೆ ಮೇಲಿನ ಕೋಣೆಯ ಮೂಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆಯಾ ಅಂತ ನೋಡಲೇಬೇಕು, ಇದ್ದರೆ ಅದು ಕಿತ್ತು ಮೆದುಳಿಗೆ ಹೋಗಬಹುದು. ಎದೆ ಮೇಲಿಂದ ಆ ಮೂಲೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಎಂಡೋಸ್ಕೋಪಿ ಥರ ಅನ್ನನಾಳದೊಳಗೆ ಪ್ರೋಬ್ ಇಳಿಸುತ್ತಾರೆ. ನುಂಗುವುದು ಕಷ್ಟ, ಸುಳ್ಳು ಹೇಳಲ್ಲ, ಆದರೆ ಹತ್ತು ನಿಮಿಷದ ಕಷ್ಟ. ಹೊಟ್ಟೆಗೆ ಸೀಸದ ಹೊದಿಕೆ ಸುತ್ತಿ ಬಲೂನ್ ಮಾಡಿದರು. ಎರಡು ದಿನದ ಮೇಲೆ ನಾನೇ ಅಳೆದೆ, 1.8. "ಅಕ್ಕ, ರಾತ್ರಿ ಮಲಗಿಕೊಂಡೇ ನಿದ್ದೆ ಬಂತು" ಅಂದಳು.

ಸೋರುವ ವಾಲ್ವು ಇನ್ನೂ ಕಷ್ಟ. ಕಿರಿದಾದ ವಾಲ್ವಿಗೆ ಒಂದು ಅಂಕಿಯಾದರೂ ಇದೆ. ಸೋರಿಕೆಯನ್ನು ಬಣ್ಣದಲ್ಲಿ ನೋಡುತ್ತೇವೆ. ನಮ್ಮ ಕಡೆಗೆ ಬರುವ ರಕ್ತ ಕೆಂಪು, ದೂರ ಹೋಗುವುದು ನೀಲಿ, ಗೊಂದಲವಾಗಿ ಓಡುವುದು ಹೋಳಿ ಹುಣ್ಣಿಮೆ. ಕೆಂಪು ಅಂದರೆ ಒಳ್ಳೇ ರಕ್ತ, ನೀಲಿ ಅಂದರೆ ಕೆಟ್ಟ ರಕ್ತ ಅಂತ ಪರದೆ ನೋಡಿ ಗಾಬರಿಯಾಗುವವರಿದ್ದಾರೆ, ಹಾಗಲ್ಲ. ಮೆಷೀನಿನ ಒಂದು ಗುಂಡಿ ತಿರುಗಿಸಿದರೆ ಅದೇ ಸೋರಿಕೆ ದೊಡ್ಡದಾಗಿಯೂ ಕಾಣುತ್ತದೆ, ಚಿಕ್ಕದಾಗಿಯೂ ಕಾಣುತ್ತದೆ. ಗೋಡೆಗೆ ಅಂಟಿಕೊಂಡು ಹರಿಯುವ ಧಾರೆ ನೋಡಲು ಸಣ್ಣ, ಆದರೆ ಭಾರೀ ಸೋರಿಕೆ ಇರಬಹುದು. ಬಿಪಿ 180 ಇದ್ದಾಗ ಮೈಟ್ರಲ್ ಸೋರಿಕೆ ಜಾಸ್ತಿ, 120ಕ್ಕೆ ಇಳಿದಾಗ ಕಡಿಮೆ. ಹದಿನೈದು ದಿನದ ಅಂತರದಲ್ಲಿ ಎರಡು ಕಡೆ ಮಾಡಿಸಿದ ರಿಪೋರ್ಟು ಬೇರೆ ಬೇರೆ ಬಂದರೆ ಯಾರೋ ಮೋಸ ಮಾಡಿದರು ಅಂತಲೇ ಅಲ್ಲ. ಅವತ್ತು ಬಿಪಿ ಎಷ್ಟಿತ್ತು ಅಂತ ಮೊದಲು ಕೇಳಿ.

ಇನ್ನು "ಟ್ರಿವಿಯಲ್ ಎಂಆರ್, ಟ್ರಿವಿಯಲ್ ಟಿಆರ್" ಅಂತ ರಿಪೋರ್ಟಿನಲ್ಲಿ ಓದಿ ರಾತ್ರಿಯೆಲ್ಲಾ ಗೂಗಲ್ ಮಾಡಿ ಬೆಳಿಗ್ಗೆ ಕೆಂಪು ಕಣ್ಣಲ್ಲಿ ಬಂದು ಕೂರುವವರಿಗೆ: ಎಂಆರ್ ಅಂದರೆ ಮೈಟ್ರಲ್ ಸೋರಿಕೆ, ಟಿಆರ್ ಅಂದರೆ ಬಲಗಡೆಯ ಟ್ರೈಕಸ್ಪಿಡ್ ವಾಲ್ವಿನ ಸೋರಿಕೆ, ಟ್ರಿವಿಯಲ್ ಅಂದರೆ ತೀರಾ ಅಲ್ಪ. ಅದು ಕಾಯಿಲೆ ಅಲ್ಲ. ಬಾಗಿಲು ಹಾಕಿದಾಗ ಸಂದಿಯಲ್ಲಿ ಇಷ್ಟು ಗಾಳಿ ಬಂದ ಹಾಗೆ. ಗಟ್ಟಿಮುಟ್ಟಾದ ಜನರಲ್ಲೂ ಟಿಆರ್ ಒಂಚೂರು ಕಾಣುವುದು ತೀರಾ ಸಾಮಾನ್ಯ. ನನಗೇ ಇದೆ. ಮೆಷೀನುಗಳು ಅಷ್ಟು ಚೂಟಿಯಾಗಿವೆ, ಅಷ್ಟೇ.

ನಿಮ್ಮ ಕಡೆಯಿಂದ ಆಗುವ ಸಹಾಯವೂ ಇದೆ. ಹಳೇ ರಿಪೋರ್ಟು ತನ್ನಿ, ಸುಕ್ಕಾಗಿದ್ದರೂ ಪರವಾಗಿಲ್ಲ. ಎರಡು ವರ್ಷದ ಹಿಂದೆ ಎಷ್ಟಿತ್ತು ಅನ್ನುವುದು ಇವತ್ತಿನ ಅಂಕಿಯಷ್ಟೇ ಮುಖ್ಯ. ಎಡಕ್ಕೆ ಪೂರ್ತಿ ಹೊರಳಿ ಮಲಗಿ, ನಾಚಿಕೊಂಡು ಅರ್ಧ ಹೊರಳಿದರೆ ಶ್ವಾಸಕೋಶ ಅಡ್ಡ ಬಂದು ಏನೂ ಕಾಣುವುದಿಲ್ಲ. ಉಸಿರು ಬಿಟ್ಟು ಹಿಡಿಯಿರಿ ಅಂದರೆ ಬಿಟ್ಟು ಹಿಡಿಯಿರಿ, ಎಳೆದು ಹಿಡಿಯುವವರೇ ಜಾಸ್ತಿ. ಹೊತ್ತಾಯಿತು, ಏನೋ ಕೆಟ್ಟದ್ದು ಕಂಡಿರಬೇಕು ಅಂತ ನನ್ನ ಮುಖ ನೋಡಬೇಡಿ. ಹೊತ್ತು ಹಿಡಿಯುತ್ತಿದೆ ಅಂದರೆ ಸರಿಯಾಗಿ ಹುಡುಕುತ್ತಿದ್ದಾರೆ ಅಂತಲೇ ತಿಳಿಯಿರಿ.

ಅಜ್ಜನಿಗೆ ವಾಲ್ವು ಬದಲಾಯಿಸಿದರು. ಲೋಹದ ವಾಲ್ವು ತುಂಬಾ ಬಾಳಿಕೆ ಬರುತ್ತದೆ. ನಮ್ಮ ದೇಶದಲ್ಲೇ ತಿರುವನಂತಪುರದಲ್ಲಿ ಮಾಡಿದ ಚಿತ್ರಾ ವಾಲ್ವು 1990ರಿಂದ ಜನರ ಎದೆಯಲ್ಲಿದೆ. ಆದರೆ ಲೋಹದ್ದು ಹಾಕಿದರೆ ರಕ್ತ ತೆಳು ಮಾಡುವ ಮಾತ್ರೆ ಸಾಯುವವರೆಗೆ, ಆಗಾಗ ರಕ್ತ ಪರೀಕ್ಷೆ, ಸೊಪ್ಪು ತಿನ್ನುವುದಕ್ಕೂ ಲೆಕ್ಕ. ಅವರ ವಯಸ್ಸಿಗೆ ಪ್ರಾಣಿಯ ಅಂಗಾಂಶದಿಂದ ಮಾಡಿದ್ದನ್ನು ಹಾಕಿದರು. "ದನದ್ದೋ ಹಂದೀದೋ, ಎಂತದಾದ್ರೂ ಹಾಕಲಿ, ಮನೇಲಿ ಮಾತ್ರ ಹೇಳ್ಬೇಡಿ" ಅಂತ ಡಾಕ್ಟರಿಗೆ ಹೇಳಿದ್ದರಂತೆ.

ಮೂರು ತಿಂಗಳ ಮೇಲೆ ಚೆಕಪ್ಪಿಗೆ ಬಂದರು. ಎದೆ ನಡುವೆ ಹೊಸ ಗಾಯದ ಗೆರೆ, ಅದೇ ಟವೆಲ್. ಜೆಲ್ ಹಾಕಿದೆ. "ಇವತ್ತು ಬೆಚ್ಚಗಿದೆ" ಅಂದರು. ಎಡಗಡೆಯಿಂದ 2.1 ಬಂತು, ಹೊಸ ವಾಲ್ವಿಗೆ ಅದು ಚೆನ್ನಾಗಿಯೇ ಇದೆ. ಹೊರಗೆ ಬೆಂಚು ತುಂಬಿತ್ತು. "ಅಜ್ಜ, ಬಲಕ್ಕೆ ಹೊರಳಿ" ಅಂತ ಹೇಳಿ ಡ್ರಾಯರ್ ಎಳೆದೆ. 2.3.